ಕೈಕಾಲು ಮತ್ತು ಮುಂಗಾಲು: ಮಕ್ಕಳಿಗೆ ಸಮಾಸ ಕಲಿಸುವ ಬಗೆ

ಸಮಾಸವೆಂದೊಡನೆ ನಮ್ಮ ಮನೆಗಳಲ್ಲಿ ಮಕ್ಕಳ ಮುಖ ಬಾಡುವುದನ್ನು ಕಾಣದ ತಂದೆತಾಯಿಗಳು ವಿರಳ. ತತ್ಪುರುಷ, ಕರ್ಮಧಾರಯ, ದ್ವಿಗು, ಬಹುವ್ರೀಹಿ, ಅಂಶಿ, ದ್ವಂದ್ವ, ಕ್ರಿಯಾ, ಗಮಕ ಎಂಬ ಎಂಟು ಹೆಸರುಗಳನ್ನು ಮಗು ದೇವರ ಸ್ತೋತ್ರದಂತೆ ಒಪ್ಪಿಸುತ್ತದೆ. ‘ಬೆಟ್ಟದಾವರೆ’ ಎಂದರೆ ‘ಬೆಟ್ಟದ ತಾವರೆ’ ಎಂದು ಬಿಡಿಸುತ್ತದೆ, ಅಂಕ ಬರುತ್ತದೆ. ಆದರೆ ಪುಸ್ತಕದಲ್ಲಿಲ್ಲದ ಎರಡು ಪದಗಳನ್ನು ಕೊಟ್ಟು “ಇವನ್ನು ಕೂಡಿಸು” ಎಂದರೆ ತಲೆ ಕೆರೆದುಕೊಳ್ಳುತ್ತದೆ. ಬಿಡಿಸಲು ಕಲಿಸಿದೆವು, ಕೂಡಿಸಲು ಕಲಿಸಲಿಲ್ಲ.

ಕಲಿಸುವವರ ಸಾಲಿನಲ್ಲಿ ನಾನೂ ಒಬ್ಬನಾದುದರಿಂದ, ಈ ದೋಷದಲ್ಲಿ ನನ್ನ ಪಾಲನ್ನು ಮೊದಲು ಒಪ್ಪಿಕೊಳ್ಳುವುದೇ ಲೇಸು.

ಕೆಂಪು ಶಾಯಿಯ ಒಂದು ಗೆರೆ

ಒಮ್ಮೆ ಕುರುಗೋಡಿನ ಪ್ರೌಢಶಾಲೆಯೊಂದರಲ್ಲಿ ವ್ಯಾಕರಣ ಸ್ಪರ್ಧೆಗೆ ತೀರ್ಪುಗಾರನಾಗಿ ಬಳ್ಳಾರಿಯಿಂದ ಹೋಗಿದ್ದೆ. ಸ್ಪರ್ಧೆಗೆ ಮುನ್ನ ಅರ್ಧ ಗಂಟೆ ಆದೇಶ ಸಂಧಿಯನ್ನು ಕುರಿತು ಮಾತನಾಡಿದೆ. ಎರಡು ಪದ ಕೂಡಿ ಒಂದಾಗುವಾಗ, ಉತ್ತರಪದದ ಮೊದಲಲ್ಲಿರುವ ಕ, ತ, ಪ ಎಂಬ ಅಕ್ಷರಗಳು ಗ, ದ, ಬ ಆಗುತ್ತವೆ. ಹಳೆಯ ಕನ್ನಡ ‘ಹಳಗನ್ನಡ’, ಕೆಂಪಾದ ತಾವರೆ ‘ಕೆಂದಾವರೆ’, ಕಣ್ಣಿನ ಪನಿ ‘ಕಂಬನಿ’ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ.

ಉತ್ತರಪತ್ರಿಕೆಗಳಲ್ಲಿ ಒಂದು ಹುಡುಗಿ ‘ತಂದೆ’, ‘ತಾಯಿ’ ಎಂಬ ಪದಗಳನ್ನು ಕೂಡಿಸಿ ‘ತಂದೆದಾಯಿ’ ಎಂದು ಬರೆದಿದ್ದಳು. ಕೆಂಪು ಶಾಯಿಯಿಂದ ಗೆರೆ ಎಳೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತಮಾಷೆಗೆಂದು ಅದನ್ನು ಗಟ್ಟಿಯಾಗಿ ಓದಿದೆ. ತರಗತಿಯೆಲ್ಲ ನಕ್ಕಿತು.

ಎಲ್ಲರೂ ಹೋದ ಮೇಲೆ ಆ ಹುಡುಗಿ ಬಾಗಿಲ ಬಳಿ ನಿಂತಿದ್ದಳು.

“ಏನಮ್ಮಾ?” ಎಂದೆ.

“ಸರ್, ತ ಹೋಗಿ ದ ಆಗ್ತೈತೆ ಅಂತ ನೀವೇ ಹೇಳಿದ್ರಲ್ಲ ಸರ್. ಮನ್ಯಾಗೆ ನಮ್ಮಮ್ಮನೂ ‘ತಲ್ಲಿದಂಡ್ರುಲು’ ಅಂತಾರೆ. ಅದು ತಪ್ಪೇನ್ ಸರ್?”

ನನ್ನಲ್ಲಿ ಉತ್ತರವಿರಲಿಲ್ಲ. “ರೂಢಿಯಲ್ಲಿ ಹಾಗಿಲ್ಲಮ್ಮಾ” ಎಂದು ತಪ್ಪಿಸಿಕೊಂಡು ಬಸ್ಸು ಹತ್ತಿದೆ.

ಎರಡು ಭಾಷೆಗಳ ಮಗು

ಬಳ್ಳಾರಿಯ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಹೊಸಬರಲ್ಲ. 1953ರ ಅಕ್ಟೋಬರ್ 1ರಂದು ಹಳೆಯ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಒಡೆದು, ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರಿಗೂ, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಸೇರಿದವು. ನಕ್ಷೆಯ ಮೇಲೆ ಗೆರೆ ಬಿದ್ದಿತು; ನಾಲಗೆಯ ಮೇಲೆ ಬೀಳಲಿಲ್ಲ.

ತೆಲುಗಿನಲ್ಲಿ ‘ತಲ್ಲಿ’ ಮತ್ತು ‘ತಂಡ್ರಿ’ ಕೂಡಿದರೆ ‘ತಲ್ಲಿದಂಡ್ರುಲು’. ‘ಕೂರ’ ಮತ್ತು ‘ಕಾಯ’ ಕೂಡಿದರೆ ‘ಕೂರಗಾಯಲು’. ಅಲ್ಲಿನ ವೈಯಾಕರಣರು ಇದಕ್ಕೆ ‘ಗಸಡದವಾದೇಶ’ವೆಂದು ಹೆಸರಿಟ್ಟಿದ್ದಾರೆ. ದ್ವಂದ್ವ ಸಮಾಸದಲ್ಲಿಯೂ ಪರುಷಾಕ್ಷರ ಸರಳವಾಗುವುದು ಆ ಭಾಷೆಯ ಧರ್ಮ. ಕನ್ನಡದ ಧರ್ಮ ಬೇರೆ. ನಮ್ಮ ‘ಕೈಕಾಲು’ ‘ಕೈಗಾಲು’ ಆಗದು. ‘ಕೆರೆಕಟ್ಟೆ’ ‘ಕೆರೆಗಟ್ಟೆ’ ಆಗದು. ಆದರೆ ಅದೇ ‘ಕಾಲು’, ‘ಮುಂದು’ ಎಂಬ ಪದದೊಡನೆ ಸೇರಿದಾಗ ‘ಮುಂಗಾಲು’ ಆಗುತ್ತದೆ.

ಕಾರಣವೇನು? ‘ಕೈಕಾಲು’ ಎಂಬಲ್ಲಿ ಕೈಯೂ ಪ್ರಧಾನ, ಕಾಲೂ ಪ್ರಧಾನ. ಸರಿಸಮಾನರಿಬ್ಬರು ಒಂದೇ ಜಮಖಾನದ ಮೇಲೆ ಕುಳಿತಂತೆ. ಯಾರೂ ತಮ್ಮ ಗುಣ ಬಿಡಬೇಕಾಗಿಲ್ಲ. ‘ಮುಂಗಾಲು’ ಎಂಬಲ್ಲಿ ಒಂದು ಪದ ಇನ್ನೊಂದಕ್ಕೆ ವಿಶೇಷಣದಂತೆ ಅಂಟಿಕೊಂಡು ಎರಡೂ ಸೇರಿ ಒಂದೇ ವಸ್ತುವನ್ನು ಹೇಳುತ್ತವೆ. ಆ ಬೆಸುಗೆಯಲ್ಲಿ ಅಕ್ಷರ ಮೆತ್ತಗಾಗುತ್ತದೆ. ದೂರದ ಜಪಾನಿನ ಭಾಷೆಯಲ್ಲಿಯೂ ಇದೇ ನಡೆಯುಂಟು. ‘ಯಮ’ವೆಂದರೆ ಬೆಟ್ಟ, ‘ಕವ’ವೆಂದರೆ ಹೊಳೆ. ‘ಯಮಕವ’ ಎಂದರೆ ಬೆಟ್ಟವೂ ಹೊಳೆಯೂ. ‘ಯಮಗವ’ ಎಂದರೆ ಬೆಟ್ಟದ ಹೊಳೆ.

ಹಾಗೆಂದು ಇದನ್ನು ಉಕ್ಕಿನ ಕಟ್ಟಳೆಯಾಗಿ ಹೇಳಬಾರದು. ‘ಕಾಡುಕೋಣ’ ದ್ವಂದ್ವವಲ್ಲದಿದ್ದರೂ ಕಕಾರ ಬದಲಾಗಿಲ್ಲ. ನಮ್ಮ ನೆರೆಯ ಹೊಸಪೇಟೆ ‘ಹೊಸಬೇಟೆ’ ಆಗಲಿಲ್ಲ. ಅಕ್ಷರ ಸರಳವಾಗಿದ್ದರೆ ಅದು ಸಾಮಾನ್ಯವಾಗಿ ದ್ವಂದ್ವವಲ್ಲ ಎನ್ನಬಹುದು. ಆಗದಿದ್ದರೆ ದ್ವಂದ್ವವೇ ಎನ್ನಲಾಗದು. ಕ್ರಿ. ಶ. 1260ರ ಸುಮಾರಿಗೆ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನೂ ಕವಿಗಳ ಪ್ರಯೋಗವನ್ನು ಮುಂದಿಟ್ಟುಕೊಂಡೇ ಸೂತ್ರ ಬರೆದನು. ಸಂಸ್ಕೃತಕ್ಕೂ ಕನ್ನಡಕ್ಕೂ ಸಮಾಸ ಸಲ್ಲದು, ಅದು ‘ಅರಿಸಮಾಸ’ ಎಂದ ಆತನೇ, ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗವಿದ್ದಲ್ಲಿಯೂ ಅದಕ್ಕೆ ಎಡೆಗೊಟ್ಟನು. ಕನ್ನಡದ ‘ಮಳೆ’ಯೂ ಸಂಸ್ಕೃತದ ‘ಕಾಲ’ವೂ ಕೂಡಿದ ‘ಮಳೆಗಾಲ’ವನ್ನು ಇಂದು ಯಾರು ತಾನೆ ತಳ್ಳಿಯಾರು?

ಮನೆಯೇ ಪಾಠಶಾಲೆ

ಹಾಗಾದರೆ ಮಕ್ಕಳಿಗೆ ಕಲಿಸುವುದೆಂತು? ಹೆಸರುಗಳಿಂದ ಆರಂಭಿಸಬೇಡಿ; ಅಡಿಗೆಮನೆಯಿಂದ ಆರಂಭಿಸಿರಿ. ಎಳನೀರು, ಬೆಳ್ಳುಳ್ಳಿ, ಮೆಣಸಿನಕಾಯಿ ಎಲ್ಲವೂ ಕೂಡಿಸಿದ ಪದಗಳೇ. ‘ಮೆಣಸಿನಕಾಯಿ’ಯಲ್ಲಿ ‘ಇನ’ ಎಂಬ ವಿಭಕ್ತಿ ಅಳಿಯದೆ ಉಳಿದಿದೆ, ಕಕಾರವೂ ಉಳಿದಿದೆ ಎಂಬುದನ್ನು ಮಗುವೇ ಕಂಡುಹಿಡಿಯಲಿ. ನಮ್ಮ ಕಡೆ ಶೇಂಗಾ ಎನ್ನುವುದನ್ನು ಪುಸ್ತಕ ‘ನೆಲಗಡಲೆ’ ಎನ್ನುತ್ತದೆ. ತೆಲುಗಿನವರು ‘ವೇರುಸೆನಗ’, ಅಂದರೆ ಬೇರುಕಡಲೆ ಎನ್ನುತ್ತಾರೆ. ದಕ್ಷಿಣ ಅಮೆರಿಕದಿಂದ ಬಂದ ಕಾಳಿಗೆ ಒಬ್ಬರು ನೆಲವನ್ನು ನೋಡಿ ಹೆಸರಿಟ್ಟರು, ಇನ್ನೊಬ್ಬರು ಬೇರನ್ನು ನೋಡಿ. ಹೊಸ ವಸ್ತು ಬಂದಾಗ ಹೊಸ ಪದ ಹುಟ್ಟಿಸುವ ಶಕ್ತಿಯೇ ಸಮಾಸ ಎಂಬ ಮಾತು ಮಗುವಿಗೆ ಇದರಿಂದ ತಾನಾಗಿ ತಿಳಿಯುತ್ತದೆ.

ಎರಡನೆಯದಾಗಿ ಸರಣಿಗಳನ್ನು ಕೊಡಿರಿ. ಹಿರಿದಾದ ಮರ ಹೆಮ್ಮರ, ಬಾಗಿಲು ಹೆಬ್ಬಾಗಿಲು, ಜೇನು ಹೆಜ್ಜೇನು, ದಾರಿ ಹೆದ್ದಾರಿ. ಮುಂದಿನದನ್ನು ಮಗುವೇ ಹೇಳಲಿ. ಮೂರನೆಯದಾಗಿ ‘ಊ’ ಪರೀಕ್ಷೆ ಮಾಡಿಸಿರಿ: ನಡುವೆ ‘ಊ’ ಹಾಕಿದರೆ ಅರ್ಥ ಕೂಡುವುದೋ? ಕೈಯೂ ಕಾಲೂ ಎಂದರೆ ಕೂಡುತ್ತದೆ, ಅದು ದ್ವಂದ್ವ. ಮಳೆಯೂ ಕಾಲವೂ ಎಂದರೆ ಕೂಡದು. ಎಂಟು ಹೆಸರುಗಳು ಆಮೇಲೆ ಬರಲಿ.

ಊರ ಹೆಸರುಗಳೂ ಒಳ್ಳೆಯ ಆಟ. ಸಿರುಗುಪ್ಪದ ಮಗ್ಗುಲಲ್ಲಿ ಹರಿಯುವ ನದಿಯ ಹೆಸರೇ ದ್ವಂದ್ವ: ಶಿವಮೊಗ್ಗದ ಬಳಿ ಕೂಡಲಿಯಲ್ಲಿ ಸಂಗಮವಾಗುವ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆ. ಸಿರುಗುಪ್ಪವೆಂದರೆ ಸಿರಿಯ ಕುಪ್ಪೆ, ಸಂಪತ್ತಿನ ರಾಶಿ ಎಂದು ಅರ್ಥ ಹೇಳುವುದುಂಟು. ಅಲ್ಲಿನ ಬತ್ತದ ಗದ್ದೆಗಳನ್ನು ಕಂಡವರು ಇಲ್ಲವೆನ್ನಲಾರರು. ಕುರುಗೋಡಿನಲ್ಲಿ ಬೆಟ್ಟದ ತುದಿಯೆಂಬ ಅರ್ಥದ ‘ಕೋಡು’ ಅಡಗಿದೆಯೆಂದು ಊಹಿಸಬಹುದು. ಆದರೆ ಊಹೆಯನ್ನು ಊಹೆಯೆಂದೇ ಹೇಳಬೇಕು. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ವಿದುಷಿ, ಶುಕ್ರವಾರಕ್ಕೆ ‘ಫ್ರೈಡೇ’ ಎಂದು ಏಕೆ ಕರೆಯುತ್ತಾರೆಂದು ಪುಟ್ಟ ಮಕ್ಕಳನ್ನು ಕೇಳಿದರು. ಅಂದು ಮೀನು ‘ಫ್ರೈ’ ಮಾಡಿ ತಿನ್ನುವುದರಿಂದ ಎಂಬ ಉತ್ತರ ಬಂತು! ಉತ್ತರ ತಪ್ಪು, ಆದರೆ ಪದದೊಳಗೆ ಪದವನ್ನು ಹುಡುಕುವ ಆ ಬುದ್ಧಿ ಎಷ್ಟು ಸರಿಯಾದುದು!

ತಿದ್ದಿದ ತಪ್ಪು

ತಿಂಗಳು ಕಳೆದ ಮೇಲೆ ಅಧ್ಯಾಪಕರ ಅನುಮತಿ ಪಡೆದು ಮತ್ತೆ ಆ ಶಾಲೆಗೆ ಹೋದೆ. ‘ತಂದೆತಾಯಿ’, ‘ತಲ್ಲಿದಂಡ್ರುಲು’ ಎಂದು ಎರಡನ್ನೂ ಅಕ್ಕಪಕ್ಕದಲ್ಲಿ ಬರೆದು ಅವುಗಳ ಭೇದವನ್ನು ವಿವರಿಸಿದೆ. “ಅಂದು ನಿಯಮವನ್ನು ಅರ್ಧ ಮಾತ್ರ ಹೇಳಿದವನು ನಾನು. ಆ ಅರ್ಧವನ್ನು ಸರಿಯಾಗಿ ಬಳಸಿದವಳು ಈಕೆ. ನಾವು ನಕ್ಕದ್ದು ತಪ್ಪು” ಎಂದೆ. ಹುಡುಗಿ ತಲೆಯೆತ್ತಲಿಲ್ಲ. ಅಂದಿನಿಂದ ಅವಳು ಕನ್ನಡದ ತರಗತಿಯಲ್ಲಿ ಕೈಯೆತ್ತುವುದನ್ನೇ ಬಿಟ್ಟಿದ್ದಳೆಂದು ಅವರ ಅಧ್ಯಾಪಕರು ಮೊದಲೇ ತಿಳಿಸಿದ್ದರು. ಒಂದು ಗೆರೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಎಳೆಯುವ ಕೈಗೆ ತಿಳಿಯದು.

ಕೊನೆಯಲ್ಲಿ ಒಂದು ಪ್ರಶ್ನೆ ಹಾಕಿದೆ: “ದೊಡ್ಡ ಕಾಲುವೆಯಿಂದ ನಿಮ್ಮ ಹೊಲಕ್ಕೆ ನೀರು ತರುವ ಸಣ್ಣ ಕಾಲುವೆಗೆ ಒಂದೇ ಪದದ ಹೆಸರು ಕೊಡಿರಿ.” ತರಗತಿ ಸುಮ್ಮನಾಯಿತು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ಒಂದು ಕೈ ಅರ್ಧ ಮೇಲೆದ್ದಿತು.

“ಮರಿಗಾಲುವೆ, ಸರ್.”

ಈ ಸಲ ಸುಣ್ಣದ ಕಡ್ಡಿಯನ್ನು ಅವಳ ಕೈಗೇ ಕೊಟ್ಟೆ.