ಹುಲ್ಲಿನಿಂದಲೇ ಹುಲ್ಲಿಗೆ ದ್ರಾವಕ

ಮುಸುಕಿನ ಜೋಳದ ಕಾಳು ಬಿಡಿಸಿದ ಮೇಲೆ ಬೆಂಡನ್ನು ಏನು ಮಾಡುತ್ತೀರಿ? ಒಂದಿಷ್ಟು ಒಲೆಗೆ ಹೋಗುತ್ತದೆ, ಉಳಿದದ್ದು ಕಣದ ಮೂಲೆಯಲ್ಲಿ ಕೊಳೆಯುತ್ತದೆ. ಅದರೊಳಗೆ ಸಕ್ಕರೆ ಉಂಟು ಎಂದರೆ ನೀವು ನಕ್ಕೀರಿ. ಆದರೆ ಮಾತು ನಿಜ. ಒಣಹುಲ್ಲು ತಿಂದು ಹಸು ಹಾಲು ಕೊಡುತ್ತದಲ್ಲ, ಅದೇ ಸಾಕ್ಷಿ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಒಡೆದು ಸತ್ವ ತೆಗೆಯುತ್ತವೆ.

ಆ ಸಕ್ಕರೆಯನ್ನು ಕಾರ್ಖಾನೆಯಲ್ಲಿ ತೆಗೆಯುವುದು ಸುಲಭವಲ್ಲ. ಹುಲ್ಲು, ದಂಟು, ಬೆಂಡು ಎಲ್ಲವೂ ಒಂದು ಗೋಡೆ ಇದ್ದಂತೆ. ಸೆಲ್ಯುಲೋಸ್ ಎಂಬ ನಾರು ಅದರ ಇಟ್ಟಿಗೆ; ಲಿಗ್ನಿನ್ ಎಂಬ ಅಂಟು ಅದರ ಗಾರೆ. ಸಕ್ಕರೆ ಇರುವುದು ಇಟ್ಟಿಗೆಯಲ್ಲಿ. ಗಾರೆ ಸಡಿಲಿಸದೆ ಇಟ್ಟಿಗೆ ಕೈಗೆ ಬಾರದು. ಬೆಲ್ಲ ನೀರಿನಲ್ಲಿ ಕರಗುತ್ತದೆ, ಜಿಡ್ಡು ಸೀಮೆಎಣ್ಣೆಯಲ್ಲಿ ಕರಗುತ್ತದೆ. ಹುಲ್ಲು ಎರಡರಲ್ಲೂ ಕರಗದು.

2002ರಲ್ಲಿ ಅಮೆರಿಕದ ಅಲಬಾಮ ವಿಶ್ವವಿದ್ಯಾಲಯದ ರಾಬಿನ್ ರಾಜರ್ಸ್ ಮತ್ತು ಅವರ ಜೊತೆಗಾರರು ಸೆಲ್ಯುಲೋಸನ್ನು ಕರಗಿಸುವ ಒಂದು ಬಗೆಯ ದ್ರವವನ್ನು ತೋರಿಸಿಕೊಟ್ಟರು. ಅದು ಅಯಾನಿಕ ದ್ರವ. ಏನಪ್ಪಾ ಇದು ಅಂತೀರಾ? ಸರಳವಾಗಿ ಹೇಳುವುದಾದರೆ, ನೀರಾಗಿರುವ ಉಪ್ಪು. ನೀರಿನಲ್ಲಿ ಕದಡಿದ ಉಪ್ಪಲ್ಲ, ಉಪ್ಪೇ ದ್ರವ. ಅಡುಗೆ ಉಪ್ಪು ಕರಗಿ ಹರಿಯಬೇಕಾದರೆ ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಕಾವು ಬೇಕು. ಅಯಾನಿಕ ದ್ರವಗಳಿಗೆ 100 ಡಿಗ್ರಿಯೊಳಗಿನ ಕಾವೇ ಸಾಕು. ಅಚ್ಚಿನ ಇಟ್ಟಿಗೆ ಒತ್ತಾಗಿ ಕೂರುತ್ತದೆ, ಅಂಕುಡೊಂಕಾದ ಕಾಡುಕಲ್ಲು ಕೂರದು. ಹಾಗೆಯೇ ಇವುಗಳ ಕಣಗಳು ದಪ್ಪವಾಗಿ, ಸೊಟ್ಟಾಗಿರುವುದರಿಂದ ಗಟ್ಟಿಯಾಗಿ ಜೋಡಿಕೊಳ್ಳಲಾರವು. ಸೀಮೆಎಣ್ಣೆಯ ಹಾಗೆ ಇವು ಗಾಳಿಗೆ ಆರಿ ಹೋಗುವುದೂ ಇಲ್ಲವೆನ್ನಬೇಕು.

ಹಾಗಾದರೆ ಕೊರತೆ ಏನು? ಮೊದಲು ಬಂದ ಇಂಥ ದ್ರವಗಳು ಬಹುಮಟ್ಟಿಗೆ ಕಲ್ಲೆಣ್ಣೆಯ ಮೂಲದವು. ಬೆಲೆ ಹೆಚ್ಚು. ಕೆಲವು ಹಳ್ಳಕೊಳ್ಳ ಸೇರಿದರೆ ಜಲಚರಗಳಿಗೆ ವಿಷ.

ಇದಕ್ಕೊಂದು ದಾರಿಯನ್ನು 2014ರಲ್ಲಿ ಕ್ಯಾಲಿಫೋರ್ನಿಯದ ಜಾಯಿಂಟ್ ಬಯೋಎನರ್ಜಿ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳು ತೋರಿಸಿದರು. ಬೆಂಡು, ಹೊಟ್ಟುಗಳನ್ನು ಆಮ್ಲ ಹಾಕಿ ಬೇಯಿಸಿದರೆ ಫರ್ಫ್ಯುರಲ್ ಎಂಬ ವಸ್ತು ಸಿಗುತ್ತದೆ. ಅಂಥದ್ದಕ್ಕೆ ಡೈಈಥೈಲ್ ಅಮೀನ್ ಕೂಡಿಸಿ, ಬಳಿಕ ಫಾಸ್ಫಾರಿಕ್ ಆಮ್ಲ ಬೆರೆಸಿ ಅವರು ಅಯಾನಿಕ ದ್ರವವನ್ನು ಮಾಡಿದರು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಇಲ್ಲಿ ಒಳ್ಳೆಯದಕ್ಕೇ ಒದಗಿತು. ಸ್ವಿಚ್‌ಗ್ರಾಸ್ ಎಂಬ ಹುಲ್ಲನ್ನು ಈ ದ್ರವದಲ್ಲಿ ಹದ ಮಾಡಿ, ಕಿಣ್ವ ಹಾಕಿದಾಗ, ಅದರಲ್ಲಿದ್ದ ಗ್ಲೂಕೋಸಿನಲ್ಲಿ ನೂರಕ್ಕೆ 90 ಭಾಗ ಹೊರಬಂತು. ಆ ಸಕ್ಕರೆಯನ್ನು ಹುಳಿಯಿಸಿದರೆ ಪೆಟ್ರೋಲಿಗೆ ಬೆರೆಸುವ ಎಥನಾಲ್ ಆಗುತ್ತದೆ.

ಇನ್ನೊಂದು ಬಗೆಯೂ ಉಂಟು. ಮೊಟ್ಟೆಯ ಹಳದಿ, ಸೋಯಾ ಅವರೆಗಳಲ್ಲಿರುವ ಕೋಲೀನ್, ಬೇಳೆಕಾಳುಗಳಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲ, ಇವೆರಡನ್ನು ಕೂಡಿಸಿದರೂ ಇಂಥ ದ್ರವವಾಗುತ್ತದೆ. ಇದು ಮುಖ್ಯವಾಗಿ ಗಾರೆಯನ್ನೇ, ಅಂದರೆ ಲಿಗ್ನಿನ್ನನ್ನೇ ಬಿಡಿಸುತ್ತದೆ.

ಆದರೆ ಎರಡು ಮಾತು ಮನಸ್ಸಿನಲ್ಲಿರಲಿ. ಬೆಳೆಯಿಂದ ಬಂದದ್ದೆಲ್ಲ ನಿರಪಾಯ ಎನ್ನುವಂತಿಲ್ಲ. ಕೋಲೀನನ್ನು ಕೂಡಿಸುವಾಗ ಬಳಸುವ ಕ್ಷಾರ ಚರ್ಮವನ್ನು ಸುಡುತ್ತದೆ. ಡೈಈಥೈಲ್ ಅಮೀನ್ ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುತ್ತದೆ. ಇದು ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ. ಎರಡನೆಯದು, ಬಳಸಿದ ದ್ರವವನ್ನು ಸೋಸಿ ಮತ್ತೆ ಮತ್ತೆ ಬಳಸಿದರೆ ಮಾತ್ರ ಲೆಕ್ಕ ಕೂಡುತ್ತದೆ. ಒಂದೇ ಸಲ ಬಳಸಿ ಚೆಲ್ಲಿದರೆ ಹಣವೂ ಹಾಳು, ನೀರೂ ಹಾಳು.

ನಾಳೆ ಯಾರಾದರೂ ಊರಿಗೆ ಬಂದು ನಿಮ್ಮ ಹುಲ್ಲಿಗೆ, ಬೆಂಡಿಗೆ ಬೆಲೆ ಕಟ್ಟಿದರೆ ದ್ರವವನ್ನು ಎಷ್ಟು ಸಲ ತಿರುಗಿ ಬಳಸುತ್ತೀರಿ, ತೊಳೆದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂದು ಮೊದಲು ಕೇಳಿ. ದನಕ್ಕೆ ಬೇಕಾದಷ್ಟು, ತಿಪ್ಪೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಮಾರಿ. ಅಲ್ಲಿಯವರೆಗೆ ಹೊಲದಲ್ಲಿ ಬೆಂಕಿ ಮಾತ್ರ ಇಡಬೇಡಿ. ಸುಟ್ಟರೆ ಉಳಿಯುವುದು ಬೂದಿ; ಮಣ್ಣಿಗೆ ಸೇರಿದರೆ ಗೊಬ್ಬರ.