ಚೌಡಕಿ ಕಂಪ್ಯೂಟರಿಗೆ ಸೇರುವ ದಾರಿ

ಅಥಣಿ, ರಾಯಬಾಗ ಕಡೆ ಈಗ ಭಜನಾ ಮೇಳದ ಹುಡುಗರು ಮನೆಯಲ್ಲೇ ಪದ ರೆಕಾರ್ಡ್ ಮಾಡುತ್ತಾರೆ. ಚಿಂಚಲಿ ಮಾಯಕ್ಕನ ಪದಗಳನ್ನು ಮೊಬೈಲಿನಲ್ಲಿ ಕೇಳುವಾಗ ನನಗೆ ಸಂಕಟವಾಗುತ್ತದೆ. ದನಿ ಚೆಂದ, ಪೇಟಿ ಚೆಂದ, ಹಿಂದೆ ಮಾತ್ರ ಬಿಡದೆ ಒಂದು ‘ಗುಂಯ್’. ತಪ್ಪು ಹೆಚ್ಚಾಗಿ ಮೈಕಿನದಲ್ಲ, ಅದನ್ನು ಜೋಡಿಸಿದ ರೀತಿಯದು.

ಜಾತ್ರೆಯಲ್ಲಿ ಬಳಸುವ ಮೈಕಿನ ವಾಯರಿಗೆ ಕನ್ವರ್ಟರ್ ಪಿನ್ ಹಾಕಿ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ ಚುಚ್ಚುವವರೇ ಬಹಳ. ಆ ತೂತು ಇರುವುದು ಹೆಡ್‌ಸೆಟ್ಟಿನ ಪುಟ್ಟ ಮೈಕಿಗೆ. ಡೈನಾಮಿಕ್ ಮೈಕಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಲ್ಯಾಪ್‌ಟಾಪ್ ಅದನ್ನು ಹಿಗ್ಗಿಸಹೋಗಿ ಗೊರಗೊರವನ್ನೂ ಹಿಗ್ಗಿಸುತ್ತದೆ. ಕಂಡೆನ್ಸರ್ ಮೈಕಿಗಂತೂ ಸಾಮಾನ್ಯವಾಗಿ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ಅದು ಆ ತೂತಿನಲ್ಲಿ ಸಿಗುವುದೇ ಇಲ್ಲ.

ಬೇಕಾದದ್ದು ಆಡಿಯೋ ಇಂಟರ್‌ಫೇಸ್ ಎಂಬ ಸಣ್ಣ ಪೆಟ್ಟಿಗೆ. ಮೈಕಿನಿಂದ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಪೆಟ್ಟಿಗೆಗೆ, ಅಲ್ಲಿಂದ ಯುಎಸ್‌ಬಿ ಕಂಪ್ಯೂಟರಿಗೆ. ದನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿಸುವುದು ಈ ಪೆಟ್ಟಿಗೆಯೇ. ಮೂರು ಪಿನ್ನಿಗೂ ಕಾರಣವಿದೆ. ಎರಡು ತಂತಿಗಳಲ್ಲಿ ದನಿ ಒಂದಕ್ಕೊಂದು ಉಲ್ಟಾ ಹರಿಯುತ್ತದೆ, ಮೂರನೆಯದು ಅರ್ಥ್. ದಾರಿಯಲ್ಲಿ ಕರೆಂಟಿನ ಗುಂಯ್ ಎರಡೂ ತಂತಿಗೆ ಒಂದೇ ಸಮ ತಾಗುತ್ತದೆ. ಪೆಟ್ಟಿಗೆ ಒಂದರಿಂದ ಇನ್ನೊಂದನ್ನು ಕಳೆದಾಗ ಗುಂಯ್ ಅಳಿದು ದನಿ ಉಳಿಯುತ್ತದೆ. ಮೈಕಿಗೆ ಎಷ್ಟು ಕೊಟ್ಟಿರಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಎರಡು ಮೈಕು ಹಿಡಿಯುವ ಪೆಟ್ಟಿಗೆ ಮೊದಲು ತನ್ನಿ ಎನ್ನುತ್ತೇನೆ.

ಆಮೇಲೆ ಕೆಲಸವೆಲ್ಲ ಕಿವಿಯದು. ಚೌಡಕಿಯ ಕೊಳಗದ ಒಂದು ಬಾಯಿಗೆ ತೊಗಲು, ಅದರ ನಡುವಿನಿಂದ ಹೊರಟ ತಂತಿ ಮೇಲಿನ ಕೋಲಿಗೆ. ನಮ್ಮೂರಿನ ಅಜ್ಜ ಒಬ್ಬರು ನುಡಿಸುವಾಗ ಮೈಕನ್ನು ಕೊಳಗದ ಬಾಯಿಗೇ ಹಿಡಿದು ಒಂದು ತುಣುಕು ಕೇಳಿಸಿದೆ. ಬರೀ ‘ಢಬ್ ಢಬ್’. “ತಮ್ಮಾ, ಇದು ನನ್ನ ಚೌಡಕಿ ಅಲ್ಲೋ, ತಂತಿ ಎಲ್ಲಿ ಹೋತು?” ಅಂದರು. ಒಂದು ಮೊಳ ಹಿಂದೆ ಸರಿಸಿ, ತಂತಿ ಮೀಟುವ ಬೆರಳಿನತ್ತ ಓರೆ ಮಾಡಿದೆ. ಹೆಡ್‌ಫೋನ್ ಹಾಕಿಕೊಂಡ ಅಜ್ಜ ಕಣ್ಣು ಮುಚ್ಚಿ, “ಈಗ ಬಂತ ನೋಡು” ಎಂದು ಇಡೀ ಪದ ಮುಗಿಸಿಯೇ ಕಣ್ಣು ತೆರೆದರು. ಪೇಟಿಗೆ ಮೈಕು ತಿದಿಯ ಕಡೆ ಬೇಡ, ಗಾಳಿಯ ಉಸ್ಸೆನ್ನುವ ಸದ್ದು ಮುಂದಾಗುತ್ತದೆ.

ಕಾಗವಾಡದ ಮಗ್ಗುಲಿನ ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೊದಮೊದಲು ಗ್ರಾಮಫೋನಿಗೆ ಹಾಡಿದಾಗ ರೆಕಾರ್ಡಿಂಗಿಗೆ ಮೈಕೇ ಇರಲಿಲ್ಲ, ಕಹಳೆಯಂಥ ಕೊಳವೆಯೊಳಗೆ ಹಾಡಬೇಕಿತ್ತು. ಮೈಕಿನ ಪ್ಲೇಟುಗಳು ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ನಾವಿಂದು ಆಸೆಪಟ್ಟು ಕೇಳುವ ಅವರ 1930ರ ದಶಕದ ಪ್ಲೇಟುಗಳು ಮೈಕು ಬಂದ ಮೇಲಿನವು. ಅಂಥ ದನಿಯನ್ನು ಹಿಡಿದಿಡುವ ಸೌಕರ್ಯ ಈಗ ಚಿಕ್ಕೋಡಿ, ನಿಪ್ಪಾಣಿಯ ಪಡಸಾಲೆಗೂ ಬಂದಿದೆ ಎಂಬುದೇ ನನಗೆ ದೊಡ್ಡ ಸಂಗತಿ.

ರೆಕಾರ್ಡಿಂಗಿಗೆ ಆಡಾಸಿಟಿ ಸಾಕು, ಪುಕ್ಕಟೆ ಸಿಗುತ್ತದೆ. ಅತಿ ಜೋರಿನ ಪೆಟ್ಟು ಬಿದ್ದಾಗಲೂ ಮೀಟರು ಮೈನಸ್ 12 ಡೆಸಿಬೆಲ್ ಸುತ್ತಲೇ ಇರಲಿ. ಕೆಂಪು ದಾಟಿ ಒಡೆದ ದನಿ ಮೊದಲಿನಂತಾಗದು. ತಮ್ಮ ದನಿ ತಡವಾಗಿ ಕೇಳಿ ತಾಳ ತಪ್ಪುವವರು ಪೆಟ್ಟಿಗೆಯ ಡೈರೆಕ್ಟ್ ಮಾನಿಟರ್ ಒತ್ತಿಕೊಳ್ಳಲಿ. ಇಷ್ಟಾದರೂ ಗುಂಯ್ ಉಳಿದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಒಮ್ಮೆ ನೋಡಿ. ಸದ್ದು ನಿಂತರೆ, ಮನೆಯ ಅರ್ಥಿಂಗ್ ಪರೀಕ್ಷಿಸಲು ವಾಯರಮನ್‌ನನ್ನು ಕರೆಯಿರಿ.