ಒಣಗದ ವಾರ್ನಿಷು

ಮಲೆನಾಡಿನ ಹಳೆಯ ಮನೆಗಳ ಉಪ್ಪರಿಗೆಗೆ ಮರದ ಹಲಗೆಯ ನೆಲವೇ ಭೂಷಣ. ಅದಕ್ಕೆ ವಾರ್ನಿಷು ಬಳಿಸಿ ವಾರವಾದರೂ ಕಾಲಿಟ್ಟಲ್ಲೆಲ್ಲ ಅಂಟುತ್ತಿದ್ದರೆ ಗೃಹಿಣಿಯ ಸಹನೆ ಕೆಡುವುದು ಸಹಜ. ಇನ್ನೊಂದು ಲೇಪ ಕೊಟ್ಟರೆ ಸರಿಹೋದೀತೆಂಬ ಸಲಹೆಯೂ ಆಗ ದೊರೆಯುತ್ತದೆ. ಅದನ್ನು ಪಾಲಿಸಿದರೆ ಕೆಟ್ಟದ್ದು ಇನ್ನಷ್ಟು ಕೆಡುತ್ತದೆ.

ಒದ್ದೆ ಬಟ್ಟೆ ನೀರನ್ನು ಕಳೆದುಕೊಂಡು ಒಣಗುತ್ತದೆ. ಅಗಸೆ ಎಣ್ಣೆಯಂಥವುಗಳಿಂದಾದ ವಾರ್ನಿಷಾದರೋ ಗಾಳಿಯಿಂದ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗಬೇಕು. ಲೇಪ ದಪ್ಪವಾದರೆ ಮೇಲೆ ಕೆನೆಗಟ್ಟಿ, ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮಳೆಗಾಲದ ತಂಪು, ಮುಚ್ಚಿದ ಕಿಟಕಿ, ಹಲಗೆಯಲ್ಲುಳಿದ ಹಳೆಯ ಮೇಣ, ಇವೂ ಅಡ್ಡಿಯೇ. ತೇಗ, ಬೀಟೆಗಳಲ್ಲಿ ಸಹಜವಾಗಿರುವ ಕೆಲವು ಸತ್ವಗಳೂ ಒಣಗುವುದನ್ನು ತಡೆಯುತ್ತವೆ.

ಆದುದರಿಂದ ಮೊದಲ ಮದ್ದು ಗಾಳಿ. ಕಿಟಕಿಗಳನ್ನು ತೆರೆದು, ಫ್ಯಾನು ಹಾಕಿ, ಕೆಲವು ದಿನ ಕಾಯಬೇಕು. ಉಗುರಿನಿಂದ ಒತ್ತಿದರೆ ಗುರುತು ಮೂಡದಿದ್ದಲ್ಲಿ ಗೆದ್ದಂತೆ. ಆಗಲೂ ಅಂಟಿದರೆ, ಹತ್ತಿರ ಬೆಂಕಿಯಿಲ್ಲದಂತೆ ನೋಡಿಕೊಂಡು, ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಉಳಿದುದನ್ನು ಹೆರೆದು ತೆಗೆಯಬೇಕು. ಮರ ಚೆನ್ನಾಗಿ ಒಣಗಿದ ಬಳಿಕ ಉಪ್ಪುಕಾಗದದಿಂದ ಉಜ್ಜಬೇಕು. ತೇಗ, ಬೀಟೆಯಾದರೆ ಮೇಣ ತೆಗೆದ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಒಂದು ಲೇಪ ಕೊಡುವುದು ಲೇಸು. ಅದರ ಮೇಲೆ ವಾರ್ನಿಷನ್ನು ತೆಳ್ಳಗೆ ಬಳಿದು, ಒಂದು ಲೇಪ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದನ್ನು ಕೊಡಬೇಕು.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹೊತ್ತಬಹುದು. ಮರದ ಮನೆಯಲ್ಲಿ ಅಷ್ಟೇ ಸಾಕು. ಚಿಂದಿಗಳನ್ನು ಆಗಲೇ ನೀರಿನಲ್ಲಿ ಮುಳುಗಿಸಿಡಬೇಕು; ಇಲ್ಲವೆ ಬಯಲಿನಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು.